ವೈಟೊಮೊದ ಹಸಿದ ನಕ್ಷತ್ರಗಳು

ದೋಣಿಗೆ ಹುಟ್ಟೂ ಇಲ್ಲ, ಎಂಜಿನ್ನೂ ಇಲ್ಲ. ತಲೆಯ ಮೇಲೆ ಕಟ್ಟಿದ ಹಗ್ಗವನ್ನು ಹಿಡಿದು ಗೈಡ್ ನಿಂತಲ್ಲೇ ಜಗ್ಗುತ್ತಾನೆ, ದೋಣಿ ಸದ್ದಿಲ್ಲದೆ ಕತ್ತಲೆಗೆ ಜಾರುತ್ತದೆ. ಮಾತಾಡುವಂತಿಲ್ಲ, ಫೋಟೊ ತೆಗೆಯುವಂತಿಲ್ಲ. ಕಣ್ಣು ಕತ್ತಲಿಗೆ ಒಗ್ಗಿಕೊಳ್ಳುತ್ತಿದ್ದಂತೆ ಗುಹೆಯ ಚಾವಣಿಯಲ್ಲಿ ಮೊದಲು ಹತ್ತು, ಆಮೇಲೆ ನೂರು, ಕೊನೆಗೆ ಲೆಕ್ಕಕ್ಕೆ ಸಿಗದಷ್ಟು ನೀಲಿ-ಹಸಿರು ಚುಕ್ಕೆಗಳು. ಅಮಾವಾಸ್ಯೆಯ ರಾತ್ರಿ ಮಾಳಿಗೆಯ ಮೇಲೆ ಅಂಗಾತ ಮಲಗಿದವರಿಗೆ ಕಾಣುವ ಆಕಾಶದ ಹಾಗೇ. ಒಂದೇ ವ್ಯತ್ಯಾಸ, ಈ ನಕ್ಷತ್ರಗಳು ಮಿನುಗುವುದಿಲ್ಲ. ಎವೆಯಿಕ್ಕದ ಕಣ್ಣಿನ ಹಾಗೆ ಒಂದೇ ಸಮ ಬೆಳಗುತ್ತಿರುತ್ತವೆ.

ನ್ಯೂಜಿಲೆಂಡಿನ ಉತ್ತರ ದ್ವೀಪದಲ್ಲಿರುವ ಈ ಜಾಗದ ಹೆಸರು ವೈಟೊಮೊ. ಮಾವೊರಿ ಭಾಷೆಯಲ್ಲಿ ‘ವೈ’ ಎಂದರೆ ನೀರು, ‘ಟೊಮೊ’ ಎಂದರೆ ನೆಲದಲ್ಲಿ ಬಾಯ್ದೆರೆದ ಕುಳಿ. ಸುಮಾರು 3 ಕೋಟಿ ವರ್ಷ ಹಳೆಯ ಸುಣ್ಣಕಲ್ಲಿನೊಳಗೆ ಹೊಳೆಯೊಂದು ನುಸುಳಿ ಕೊರೆದ ಗುಹೆಗಳಿವು. ನೀರು ಒಳಕ್ಕೆ ಹೋಗುವುದು ಊರಿನವರಿಗೆಲ್ಲ ಗೊತ್ತಿತ್ತು. ಒಳಗೇನಿದೆ ಎಂದು ನೋಡಲು 1887ರಲ್ಲಿ ಹೊರಟವರು ಅಲ್ಲಿನ ಮಾವೊರಿ ಮುಖಂಡ ಟಾನೆ ಟಿನೊರೌ ಮತ್ತು ಇಂಗ್ಲಿಷ್ ಸರ್ವೆಯರ್ ಫ್ರೆಡ್ ಮೇಸ್. ನಾರುಗಿಡದ ದಂಟುಗಳಿಂದ ಕಟ್ಟಿದ ತೆಪ್ಪ, ಕೈಯಲ್ಲಿ ಮೇಣದ ಬತ್ತಿ, ಅಷ್ಟೇ ಅವರ ಸಾಮಗ್ರಿ. ಮುಂದೆ ಟಾನೆ ಮೇಲಿನ ಇನ್ನೊಂದು ದ್ವಾರವನ್ನೂ ಪತ್ತೆಹಚ್ಚಿದ. 1889ರ ಹೊತ್ತಿಗೆ ಅವನೂ ಹೆಂಡತಿ ಹುಟಿಯೂ ಹಣ ಪಡೆದು ಜನರನ್ನು ಒಳಗೆ ಕರೆದೊಯ್ಯತೊಡಗಿದ್ದರು. 1906ರಲ್ಲಿ ಸರ್ಕಾರ ಗುಹೆಯನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ಅದು ಮರಳಿ ಆ ವಂಶದವರ ಕೈಗೆ ಬಂದದ್ದು 1989ರಲ್ಲಿ. ಇಂದು ಅಲ್ಲಿ ಕೆಲಸ ಮಾಡುವ ಅನೇಕರು ಟಾನೆ-ಹುಟಿ ದಂಪತಿಯ ವಂಶದವರೇ.

ಇನ್ನು ಆ ಚುಕ್ಕೆಗಳ ವಿಷಯ. ಒಂದೊಂದು ಚುಕ್ಕೆಯೂ ಬೆಳಗುವ ಒಂದು ಹುಳ. ಮಳೆಗಾಲಕ್ಕೆ ಮುಂಚೆ ಮಲೆನಾಡಿನ ಮರಗಳಲ್ಲಿ ಮಿಂಚುಹುಳ ನೋಡಿದ ಕನ್ನಡಿಗರು ಇದನ್ನೂ ಅದರ ದಾಯಾದಿ ಎಂದುಕೊಂಡರೆ ತಪ್ಪಿಲ್ಲ. ಮೊದಮೊದಲು ವಿಜ್ಞಾನಿಗಳೂ ಹಾಗೆಯೇ ಅಂದುಕೊಂಡಿದ್ದರು. 1871ರಲ್ಲಿ ನ್ಯೂಜಿಲೆಂಡಿನದೇ ಥೇಮ್ಸ್ ಎಂಬಲ್ಲಿನ ಚಿನ್ನದ ಗಣಿಯಲ್ಲಿ ಸಿಕ್ಕ ಹುಳವನ್ನು ಯುರೋಪಿನ ಬೆಳಕಿನ ಹುಳದ ಸಂಬಂಧಿ ಎಂದೇ ಎಣಿಸಿದರು. ಮಿಂಚುಹುಳವಾಗಲಿ ಯುರೋಪಿನ ಆ ಹುಳವಾಗಲಿ ದುಂಬಿಗಳ ಕುಲಕ್ಕೆ ಸೇರಿದವು. ವೈಟೊಮೊದ್ದು ದುಂಬಿಯಲ್ಲ, ಎರಡೇ ರೆಕ್ಕೆಯ ನೊರಜಿನ ಮರಿ. ಸೊಳ್ಳೆ-ನೊಣಗಳ ಬಳಗ. 1924ರಲ್ಲಿ ಅದಕ್ಕೆ ಸ್ಥಿರವಾದ ಹೆಸರು ಅರಾಕ್ನೊಕ್ಯಾಂಪಾ ಲುಮಿನೋಸಾ. ಮೊದಲ ಪದದಲ್ಲಿ ಜೇಡವೂ ಇದೆ, ಕಂಬಳಿಹುಳವೂ ಇದೆ. ಇಷ್ಟು ಸರಿಯಾಗಿ ಹೊಂದುವ ವೈಜ್ಞಾನಿಕ ಹೆಸರು ಅಪರೂಪ.

ಈ ಹುಳದ ಹಿಂದೆ ಬಹುಕಾಲ ಬಿದ್ದವರಲ್ಲಿ ಜಾರ್ಜ್ ವರ್ನನ್ ಹಡ್ಸನ್ ಒಬ್ಬ. ವೆಲಿಂಗ್ಟನ್ ಅಂಚೆ ಕಚೇರಿಯ ನೌಕರ, ಬಿಡುವಿನಲ್ಲಿ ಕೀಟ ಹಿಡಿಯುವ ಹುಚ್ಚು. ಕೆಲಸ ಮುಗಿಸಿ ಬಂದಮೇಲೆ ಬೆಳಕು ಸಾಲುತ್ತಿಲ್ಲವೆಂದು, ಬೇಸಿಗೆಯಲ್ಲಿ ಗಡಿಯಾರವನ್ನೇ ಎರಡು ಗಂಟೆ ಮುಂದಕ್ಕೆ ತಿರುಗಿಸಿದರಾಯಿತು ಎಂದು 1895ರಲ್ಲಿ ಪ್ರಬಂಧ ಮಂಡಿಸಿದ ಪುಣ್ಯಾತ್ಮ. ಇಂದು ಅಮೆರಿಕ, ಯುರೋಪಿನಲ್ಲಿರುವ ಕನ್ನಡಿಗರು ವರ್ಷಕ್ಕೆರಡು ಸಲ ಗಡಿಯಾರ ತಿರುವುತ್ತ ಗೊಣಗುವಾಗ ಈ ಹುಳು ಹಿಡಿಯುವ ಅಂಚೆಯವನನ್ನೂ ಒಮ್ಮೆ ನೆನೆಯಬಹುದು.

ಬೆಳಕು ಹುಳದ ಬಾಲದ ತುದಿಯಲ್ಲಿದೆ. ಕೀಟಗಳ ದೇಹದ ಕಸವನ್ನು ಸೋಸುವ ಸಣ್ಣ ನಳಿಕೆಗಳಿಗೆ ಮಾಲ್ಪೀಜಿಯನ್ ನಳಿಕೆ ಎನ್ನುತ್ತಾರೆ. ನಮ್ಮ ಮೂತ್ರಪಿಂಡ ಮಾಡುವಂಥ ಕೆಲಸ ಅವುಗಳದು. ಈ ಹುಳದಲ್ಲಿ ಅದೇ ನಳಿಕೆಗಳ ತುದಿ ಉಬ್ಬಿ ದೀಪವಾಗಿದೆ. ಅದರ ಹಿಂದೆ ಗಾಳಿ ತುಂಬಿದ ಉಸಿರುನಾಳಗಳ ಒಂದು ಹಾಸು, ಲಾಟೀನಿನ ಹಿಂದಿನ ಕನ್ನಡಿಯಂತೆ ಬೆಳಕನ್ನು ಕೆಳಕ್ಕೆ ತಿರುಗಿಸುತ್ತದೆ. ಲೂಸಿಫೆರಿನ್ ಎಂಬ ರಾಸಾಯನಿಕ ಆಮ್ಲಜನಕದೊಂದಿಗೆ ಸೇರಿ ಬೆಳಕು ಹೊಮ್ಮಿಸುವುದು ಮಿಂಚುಹುಳದಲ್ಲೂ ಇಲ್ಲೂ ಒಂದೇ ತತ್ವ. ಆದರೆ ಎರಡರ ಲೂಸಿಫೆರಿನ್ ಬೇರೆ ಬೇರೆ ಎಂಬುದನ್ನು ಒಟಾಗೊ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದ್ದಾರೆ. ಮಿಂಚುಹುಳದ ಬೆಳಕು ಹಳದಿಯತ್ತ ವಾಲಿದರೆ ಇದರದು ನೀಲಿಯತ್ತ ವಾಲುತ್ತದೆ, ತರಂಗದೂರ ಸುಮಾರು 487 ನ್ಯಾನೊಮೀಟರ್. ಉದ್ದೇಶವೂ ಬೇರೆ. ನಮ್ಮ ಮಿಂಚುಹುಳ ಮಿಂಚುವುದು ಸಂಗಾತಿಗಾಗಿ. ಈ ಮರಿ ಬೆಳಗುವುದು ಊಟಕ್ಕಾಗಿ.

ಗೈಡ್ ಟಾರ್ಚನ್ನು ಚಾವಣಿಗೆ ಓರೆಯಾಗಿ ಹಿಡಿದಾಗ ಆಟ ಬಯಲಾಗುತ್ತದೆ. ನಕ್ಷತ್ರಗಳು ಮಾಯವಾಗಿ, ಮಣಿ ಪೋಣಿಸಿದ ಗಾಜಿನ ಪರದೆಯೊಂದು ಇಳಿಬಿದ್ದಿರುತ್ತದೆ. ಪ್ರತಿ ಹುಳವೂ ತನ್ನ ಬಾಯಿಯಿಂದಲೇ ರೇಷ್ಮೆ ಮತ್ತು ಲೋಳೆ ಸುರಿಸಿ ಚಾವಣಿಗೆ ಅಡ್ಡಲಾಗಿ ಕೊಳವೆಯಂಥ ತೂಗುಮಂಚ ಕಟ್ಟಿಕೊಂಡಿದೆ. ಅದರಿಂದ ಕೆಳಕ್ಕೆ ರೇಷ್ಮೆಯ ಎಳೆಗಳು, ಒಂದೊಂದು ಹುಳಕ್ಕೆ 70ರವರೆಗೂ. ಗಾಳಿಯಾಡದ ಗುಹೆಯಲ್ಲಿ ಎಳೆ 30-40 ಸೆಂಟಿಮೀಟರ್ ಉದ್ದವಿರುತ್ತದೆ. ಹೊರಗೆ ಕಾಡಿನ ದರೆಯಲ್ಲಿ ವಾಸಿಸುವ ಇದೇ ಹುಳ ಗಾಳಿಗೆ ಹೆದರಿ ಗಿಡ್ಡ ಎಳೆ ಬಿಡುತ್ತದೆ. ಎಳೆಯುದ್ದಕ್ಕೂ ಸಾಲಾಗಿ ಅಂಟು ಹನಿಗಳು. ಆ ಹನಿಯಲ್ಲಿ ನೂರಕ್ಕೆ 99 ಪಾಲು ಬರೀ ನೀರು! ಮಿಕ್ಕ ಒಂದು ಪಾಲಿನ ಪ್ರೋಟೀನು, ಲವಣಗಳೇ ಅಂಟಿನ ಕೆಲಸ ಮಾಡುತ್ತವೆ.

ಹೊಳೆಯ ನೀರಿನಲ್ಲಿ ಮೊಟ್ಟೆಯೊಡೆದು ಬೆಳೆದ ಪುಟ್ಟ ಕೀಟಗಳು ರೆಕ್ಕೆ ಬಂದೊಡನೆ ಮೇಲಕ್ಕೆ ಹಾರುತ್ತವೆ. ಬಯಲಿಗೆ ದಾರಿ ತೋರಿಸುವುದು ಆಕಾಶದ ಬೆಳಕು ಎಂಬುದು ಅವುಗಳಿಗೆ ಹುಟ್ಟಿನಿಂದ ಬಂದ ಲೆಕ್ಕ. ಸಂಶೋಧಕರು ಬೆಳಗುವ ಹುಳಗಳ ಮುಂದೆ ಪಾರದರ್ಶಕ ಅಂಟುಹಾಳೆ ಇಟ್ಟು ನೋಡಿದಾಗ, ಬೆಳಕಿರುವ ಕಡೆಗೇ ಹೆಚ್ಚು ಕೀಟಗಳು ಬಂದು ಬಿದ್ದವು. ದೋಣಿಯಲ್ಲಿ ಬಾಯಿ ತೆರೆದು ಮೇಲೆ ನೋಡುವ ಪ್ರವಾಸಿಗೂ ನೀರಿನಿಂದೆದ್ದ ನೊರಜಿಗೂ ಆಗುವ ಮೋಸ ಒಂದೇ.

ಎಳೆಗೆ ಕೀಟ ತಗುಲಿ ಒದ್ದಾಡಿದಾಗ ಮೇಲೆ ಮಲಗಿದ ಹುಳಕ್ಕೆ ಕಂಪನ ತಿಳಿಯುತ್ತದೆ. ಕೊಳವೆಯಿಂದ ಅರ್ಧ ಮೈ ಹೊರಗೆ ಚಾಚಿ ಎಳೆಯನ್ನು ಬಾಯಿಂದ ಕಚ್ಚುತ್ತದೆ. ಗಾಳ ಎಳೆದುಕೊಳ್ಳಲು ಕೈಯಿಲ್ಲವಲ್ಲ, ಹಾಗಾಗಿ ದಾರವನ್ನೇ ನುಂಗುತ್ತ ನುಂಗುತ್ತ ಬೇಟೆಯನ್ನು ಮೇಲಕ್ಕೆ ತರುತ್ತದೆ. ದಾರವೂ ಹೊಟ್ಟೆಗೆ, ಬೇಟೆಯೂ ಹೊಟ್ಟೆಗೆ. ಆಮೇಲೆ ಹೊಸ ದಾರ.

ಹೊಟ್ಟೆ ತುಂಬಿದ ಹುಳ ಮಂಕಾಗಿ ಬೆಳಗುತ್ತದೆ, ಹಸಿದದ್ದು ಪ್ರಖರವಾಗಿ. ಅಂದರೆ ಪ್ರವಾಸಿಗರು ಬೆರಳು ತೋರಿಸಿ ಮೆಚ್ಚುವ ದೊಡ್ಡ ನಕ್ಷತ್ರ ಹೆಚ್ಚಾಗಿ ಊಟ ಸಿಗದ ಯಾವುದೋ ಮರಿ. ಅಕ್ಕಪಕ್ಕದ ಹುಳಗಳು ತೀರಾ ಹತ್ತಿರ ಬಂದರೆ ಕಚ್ಚಾಟ ಆರಂಭವಾಗುತ್ತದೆ, ಸೋತದ್ದನ್ನು ಗೆದ್ದದ್ದು ತಿಂದುಬಿಡುವುದೂ ಉಂಟು. ಚುಕ್ಕೆಗಳ ನಡುವೆ ಅಷ್ಟಷ್ಟು ಅಂತರ ಉಳಿಯಲು ಈ ಜಗಳವೂ ಒಂದು ಕಾರಣ.

99 ಪಾಲು ನೀರಿನ ಹನಿಗೆ ಒಣಗಾಳಿ ಬೀಸಿದರೆ ಏನಾಗುತ್ತದೆ ಎಂದು ಹೇಳಬೇಕಾಗಿಲ್ಲ. ಅಂಟು ಸಾಯುತ್ತದೆ, ಎಳೆಗಳು ಗೋಜಲಾಗುತ್ತವೆ, ಹುಳ ಉಪವಾಸ ಬೀಳುತ್ತದೆ. ಆದ್ದರಿಂದ ವೈಟೊಮೊದಲ್ಲಿ ಗಾಳಿಯೇ ದೊಡ್ಡ ನಿಗಾದ ವಿಷಯ. ತೇವ, ತಾಪಮಾನ, ಇಂಗಾಲದ ಡೈಆಕ್ಸೈಡ್ ಎಲ್ಲವನ್ನೂ ಉಪಕರಣಗಳು ಅಳೆಯುತ್ತಲೇ ಇರುತ್ತವೆ. ಜನರ ಉಸಿರಿನಿಂದ ಆ ಅನಿಲ ಹೆಚ್ಚಿದರೆ ತೇವದಲ್ಲಿ ಕರಗಿ ಆಮ್ಲವಾಗಿ ಸುಣ್ಣಕಲ್ಲಿನ ಶಿಲ್ಪಗಳನ್ನು ತಿನ್ನುತ್ತದೆ. ಗಾಳಿಯ ಹತ್ತು ಲಕ್ಷ ಭಾಗದಲ್ಲಿ 2,400 ಭಾಗ ಎಂಬುದು ಅಲ್ಲಿನ ಮಿತಿ.

ಮರಿಯಾಗಿ 6ರಿಂದ 12 ತಿಂಗಳು ಹೀಗೆ ಗಾಳ ಹಾಕಿ ಬದುಕಿದ ಹುಳ ಕೊನೆಗೆ ಕೋಶವಾಗಿ ದಾರಕ್ಕೆ ಜೋತುಬೀಳುತ್ತದೆ. ಹೆಣ್ಣುಕೋಶವಾದರೆ ಒಳಗಿನಿಂದಲೇ ಬೆಳಗುತ್ತದೆ. ಆ ಬೆಳಕಿಗೆ ಬಂದ ಗಂಡುಗಳು ಅವಳು ಹೊರಬರುವುದನ್ನೇ ಕಾಯುತ್ತ ಕೋಶದ ಮೇಲೆ ಕೂತಿರುತ್ತವೆ. ದೊಡ್ಡದಾದ ಮೇಲೆ ತಿನ್ನಲು ಬಾಯಿಯೇ ಇಲ್ಲ. ಬದುಕು ಕೆಲವೇ ದಿನ. ಕೂಡುವುದು, ನೂರಕ್ಕೂ ಹೆಚ್ಚು ಮೊಟ್ಟೆ ಇಡುವುದು, ಸಾಯುವುದು, ಇಷ್ಟೇ ಕೆಲಸ. ಹಾರಾಟವೂ ಅಷ್ಟಕ್ಕಷ್ಟೆ. ಮೊಟ್ಟೆಗೆ ಜಾಗ ಹುಡುಕುತ್ತ ತಡವರಿಸುವಾಗ ಕೆಲವು ತಮ್ಮದೇ ಜಾತಿಯ ಮರಿಗಳ ಎಳೆಗೆ ತಗುಲಿಕೊಳ್ಳುತ್ತವೆ. ಎಳೆ ನಡುಗುತ್ತದೆ, ಮೇಲಿನಿಂದ ಪುಟ್ಟ ತಲೆಯೊಂದು ಇಳಿದು ದಾರ ನುಂಗತೊಡಗುತ್ತದೆ.