ಅಚ್ಚಿನ ಕಡತಗಳಲ್ಲಿ ಫಾಂಟುಗಳ ನಿರ್ಣಯ ಮತ್ತು ನಿರೂಪಣೆ

ಮುದ್ರಿತ ಪುಟವೊಂದನ್ನು ಕಂಡು ಅದರ ಅಕ್ಷರಗಳು ಯಾವ ಎರಕದ ಮೊಳೆಗಳಿಂದ ಮೂಡಿದುವೆಂದು ಹೇಳುವುದು ಸೀಸದ ಮೊಳೆಗಳ ಕಾಲದಲ್ಲಿ ಕಣ್ಣಿನ ಪರಿಣತಿಗೆ ಸೇರಿದ ವಿಷಯವಾಗಿದ್ದಿತು. ನಿರ್ಣಯ ತಪ್ಪಿದರೂ ಓದಿಗೆ ಹಾನಿಯಿರಲಿಲ್ಲ. ಕಕಾರವು ಯಾವ ಮೊಳೆಯಲ್ಲಿಯೂ ಕಕಾರವೇ. ಗಣಕಯಂತ್ರದಲ್ಲಿ ಸಿದ್ಧವಾದ ಕನ್ನಡ ಕಡತಗಳ ವಿಷಯದಲ್ಲಿ ಹಾಗೆ ಹೇಳುವಂತಿಲ್ಲ. ಇಲ್ಲಿ ಫಾಂಟಿನ ಹೆಸರು ಕಳೆದುಹೋದರೆ ಅದರೊಡನೆ ಪಠ್ಯವೂ ಕಳೆದುಹೋಗುವ ಸಂಭವವುಂಟು.

ಇದಕ್ಕೆ ಕಾರಣವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಯೂನಿಕೋಡ್ ಕ್ರಮದಲ್ಲಿ (೧೯೯೧ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿತ್ತು) ‘ಕನ್ನಡ’ ಎಂಬ ಪದಕ್ಕೆ ಐದು ಸಂಕೇತಗಳು: ಕ, ನ, ವಿರಾಮ, ನ, ಡ. ನುಡಿ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಇದೇ ಪದವು ಏಳು ಸಂಕೇತಗಳಾಗಿ ಕುಳಿತಿರುತ್ತದೆ. ಅವು ಒಂದೊಂದೂ ರೋಮನ್ ಲಿಪಿಯ ಸಂಕೇತಗಳು. ಕಕಾರದ ಒಡಲಿಗೆ ‘ಪಿ’, ತಲೆಕಟ್ಟಿಗೆ ನೆತ್ತಿಯ ಮೇಲೆ ಓರೆಗೆರೆ ಹೊತ್ತ ‘ಎ’, ನಕಾರದ ಒಡಲಿಗೆ ಪೌಂಡು ನಾಣ್ಯದ ಗುರುತು, ನಕಾರದ ಒತ್ತಿಗೆ ಜರ್ಮನರ ಜೋಡಿ ‘ಎಸ್’, ಡಕಾರದ ಒಡಲಿಗೆ ‘ಕ್ಯು’. ಮಕಾರಕ್ಕಂತೂ ಸ್ವಂತ ಸಂಕೇತವೇ ಇಲ್ಲ. ವಕಾರದ ಒಡಲಿಗೆ ತಲೆಕಟ್ಟನ್ನೂ ಕೊಂಬಿನಂತಹ ತುಂಡೊಂದನ್ನೂ ಹೊಂದಿಸಿ ಅದನ್ನು ಕಟ್ಟಬೇಕು. ‘ಕರ್ಮ’ದ ಅರ್ಕಾವೊತ್ತು ಕಣ್ಣಿಗೆ ಕಾಣುವಂತೆ ಮಕಾರದ ಅನಂತರ ಬರುತ್ತದೆ, ಉಚ್ಚಾರಣೆಯಲ್ಲಿ ಮೊದಲು ಬರುವ ರೇಫ ಕಡತದಲ್ಲಿ ಕೊನೆಗೆ ನಿಲ್ಲುತ್ತದೆ. ಇಂತಹ ಕಡತದಿಂದ ಅಕಾರಾದಿಯನ್ನು ನೇರವಾಗಿ ಸಿದ್ಧಪಡಿಸುವುದು ಅಸಾಧ್ಯವೆಂಬುದು ನಿಘಂಟುಕಾರ್ಯದಲ್ಲಿ ತೊಡಗಿದವರಿಗೆ ವಿದಿತವೇ ಆಗಿದೆ. ಶ್ರೀಲಿಪಿಯಲ್ಲಿ ಈ ಹಂಚಿಕೆ ಬೇರೆ.

ಆದುದರಿಂದ ಕಡತದಲ್ಲಿರುವ ‘ಪಿ’ಯು ಆಂಗ್ಲ ಪದದ ಅಕ್ಷರವೋ ಕಕಾರದ ಒಡಲೋ ಎಂಬುದಕ್ಕೆ ಆ ಸ್ಥಳದಲ್ಲಿ ನಮೂದಾಗಿರುವ ಫಾಂಟಿನ ಹೆಸರೊಂದೇ ಸಾಕ್ಷಿ. ಕನ್ನಡದ ನಡುವೆ ಆಂಗ್ಲ ಉಲ್ಲೇಖಗಳೂ ರೋಮನ್ ಲಿಪ್ಯಂತರಗಳೂ ಬರುವ ಸಂಶೋಧನ ಪ್ರಬಂಧಗಳಲ್ಲಿ ಇದರ ಮಹತ್ತ್ವ ಹೆಚ್ಚು. ಇಡೀ ಪಠ್ಯವನ್ನು ಆಯ್ದು ಒಂದೇ ಫಾಂಟನ್ನು ಹೊದಿಸುವವರು, ವಿನ್ಯಾಸವನ್ನು ಕಳಚಿ ಬರಿಯ ಪಠ್ಯವಾಗಿ ಉಳಿಸಿಕೊಳ್ಳುವವರು, ಈ ಸಾಕ್ಷಿಯನ್ನು ತಮ್ಮ ಕೈಯಾರೆ ಅಳಿಸುತ್ತಾರೆ. ಮೂಲ ಕಡತದ ಪ್ರತಿಯೊಂದನ್ನು ಮುಟ್ಟದೆ ಇರಿಸಿ, ಪ್ರಯೋಗಗಳನ್ನೆಲ್ಲ ಮತ್ತೊಂದರ ಮೇಲೆ ನಡೆಸುವುದು ಲೇಸು.

ಹೆಸರನ್ನು ತಿಳಿಯುವ ಮಾರ್ಗ ಕಷ್ಟದ್ದಲ್ಲ. ಇನ್‌ಡಿಸೈನ್ ತಂತ್ರಾಂಶವು ಕಡತದಲ್ಲಿ ಬಳಕೆಯಾದ ಫಾಂಟುಗಳ ಪಟ್ಟಿಯನ್ನು ತೋರಿಸುತ್ತದೆ; ಯಂತ್ರದಲ್ಲಿಲ್ಲದ ಫಾಂಟಿನ ಪಠ್ಯಕ್ಕೆ ಗುಲಾಬಿ ಬಣ್ಣ ಬಳಿದು ಎಚ್ಚರಿಸುತ್ತದೆ. ಅಲ್ಲಿ ಕಾಣುವ ಅಕ್ಷರರೂಪ ಬದಲಿ ಫಾಂಟಿನದು, ಮೂಲದ್ದಲ್ಲ. ಪಿ.ಡಿ.ಎಫ್. ಕಡತವಾದರೆ ಅಕ್ರೊಬ್ಯಾಟ್ ರೀಡರಿನ ಗುಣಲಕ್ಷಣಗಳ ಕಿಟಕಿಯಲ್ಲಿ ಫಾಂಟುಗಳ ಪಟ್ಟಿಯುಂಟು; ‘ಪಿ.ಡಿ.ಎಫ್. ಫಾಂಟ್ಸ್’ ಎಂಬ ಕಿರುತಂತ್ರಾಂಶ ಇನ್ನೂ ವಿವರವಾಗಿ ಹೇಳುತ್ತದೆ. ಹೆಸರಿನ ಹಿಂದೆ ಆರು ದೊಡ್ಡಕ್ಷರಗಳೂ ಒಂದು ಕೂಡುಚಿಹ್ನೆಯೂ ಇದ್ದರೆ, ಆ ಪುಸ್ತಕದಲ್ಲಿ ಬಳಕೆಯಾದ ಅಕ್ಷರಭಾಗಗಳು ಮಾತ್ರ ಒಳಗೆ ಸೇರಿವೆಯೆಂದು ಅರ್ಥ. ಆ ಆರು ಅಕ್ಷರಗಳು ಹೆಸರಿನ ಭಾಗವಲ್ಲ. ವರದಿಯಲ್ಲಿ ಅವನ್ನು ಬಿಡಬೇಕು.

ಇಲ್ಲೊಂದು ಭ್ರಾಂತಿಗೆ ಅವಕಾಶವಿದೆ. ಆ ಕಿರುತಂತ್ರಾಂಶದ ಒಂದು ಅಂಕಣವು ಯೂನಿಕೋಡ್ ನಕ್ಷೆ ಉಂಟೇ ಇಲ್ಲವೇ ಎಂದು ತಿಳಿಸುತ್ತದೆ. ‘ಉಂಟು’ ಎಂದ ಮಾತ್ರಕ್ಕೆ ಪಠ್ಯ ಯೂನಿಕೋಡ್ ಕನ್ನಡವೆಂದು ತಿಳಿಯಲಾಗದು. ಹಳೆಯ ಫಾಂಟಿನ ಕಡತದಲ್ಲಿಯೂ ಅಂತಹ ನಕ್ಷೆ ಇರಬಹುದು. ಅದು ತೋರಿಸುವುದು ರೋಮನ್ ಲಿಪಿಯ ಚಿಹ್ನೆಗಳನ್ನು! ಒಂದು ಸಾಲನ್ನು ನಕಲುಮಾಡಿ ಬೇರೆಡೆ ಅಂಟಿಸಿ ನೋಡುವುದೇ ನಂಬತಕ್ಕ ಪರೀಕ್ಷೆ.

ಮುದ್ರಣಾಲಯಕ್ಕಾಗಲಿ ಗ್ರಂಥಭಂಡಾರಕ್ಕಾಗಲಿ ಕೊಡುವ ವರದಿಯಲ್ಲಿ ‘ನುಡಿಯಲ್ಲಿದೆ’ ಎಂದಿಷ್ಟೇ ಬರೆದರೆ ಸಾಲದು. ಫಾಂಟಿನ ಒಳಗೆ ನಮೂದಾಗಿರುವ ಪೂರ್ಣನಾಮ, ಅದರ ಆವೃತ್ತಿ, ಅದು ಕಡತದಲ್ಲಿ ಅಡಕವಾಗಿದೆಯೇ, ಪುಸ್ತಕದ ಯಾವ ಭಾಗಕ್ಕೆ ಬಳಕೆಯಾಗಿದೆ—ಇಷ್ಟಾದರೂ ಬೇಕು. ಫಾಂಟಿನ ಕಡತಕ್ಕೆ ಯಾರು ಬೇಕಾದರೂ ಹೊಸ ಹೆಸರಿಡಬಹುದಾದುದರಿಂದ ಹೊರಗಿನ ಹೆಸರನ್ನು ನೆಚ್ಚಬಾರದು. ಪುಟದಲ್ಲಿ ತಂದಿರಿಸಿದ ಚಿತ್ರಗಳಲ್ಲಿಯೂ ಭೂಪಟಗಳಲ್ಲಿಯೂ ಬೇರೆ ಫಾಂಟುಗಳು ಅಡಗಿರುವುದುಂಟು; ಅವನ್ನು ಪ್ರತ್ಯೇಕವಾಗಿ ಪರಿಶೀಲಿಸಬೇಕು.

ಅಕ್ಷರಗಳನ್ನು ರೇಖಾರೂಪಕ್ಕೆ ಪರಿವರ್ತಿಸಿ ಅಚ್ಚಿಗೆ ಕಳುಹಿಸಿದ ಕಡತದಲ್ಲಿ ಈ ಪಟ್ಟಿ ಬರಿದಾಗಿರುವುದು. ಮುದ್ರಕರಿಗೆ ಇದು ಅನುಕೂಲ. ಫಾಂಟು ಇಲ್ಲದ ಯಂತ್ರದಲ್ಲಿಯೂ ಪುಟ ಕೆಡದೆ ಅಚ್ಚಾಗುತ್ತದೆ. ಸಂಶೋಧಕನಿಗೆ ಮಾತ್ರ ಅದು ಪುಟದ ಚಿತ್ರವೇ ಹೊರತು ಪಠ್ಯವಲ್ಲ. ಅಂತಹ ಕಡತ ದೊರೆತಾಗ ಅಕ್ಷರರೂಪಗಳನ್ನು ಪರಿಚಿತ ಮಾದರಿಗಳೊಡನೆ ಹೋಲಿಸಿ ಊಹಿಸುವ ಹಳೆಯ ವಿಧಾನವೊಂದೇ ಉಳಿಯುತ್ತದೆ. ವರದಿಯಲ್ಲಿ ಅದು ಊಹೆಯೆಂದೇ ನಮೂದಾಗಬೇಕು.