ಓದುತ್ತಾ ಕಲಿಸುವವರು: ‘ಅಸಿಸ್ಟೆಂಟ್’ ಆಗಲು ಯಾರು ಅರ್ಹರು?

ಕಳೆದ ಜುಲೈನಲ್ಲಿ ನಮ್ಮ ಬೀದಿಯಲ್ಲಿ ಟ್ಯೂಷನ್ ನಡೆಸುವ ಸರ್ ಮನೆಗೆ ಬಂದಿದ್ದರು. “ಅಕ್ಕಾ, ನಿಮ್ಮ ಮಗಳು ಲೆಕ್ಕದಲ್ಲಿ ಚೆನ್ನಾಗಿದ್ದಾಳಂತೆ. ಸಂಜೆ ಆರೂವರೆಯಿಂದ ಎಂಟೂವರೆ ತನಕ ಬರಲಿ. ಎಂಟು, ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಡೌಟ್ ಹೇಳಿಕೊಟ್ಟು, ಟೆಸ್ಟ್ ಪೇಪರ್ ತಿದ್ದಿದರೆ ಸಾಕು. ಅಸಿಸ್ಟೆಂಟ್ ಅಂತ ಇಟ್ಕೋತೀನಿ, ತಿಂಗಳಿಗೆ ಮೂರು ಸಾವಿರ ಕೊಡ್ತೀನಿ” ಎಂದು ಅಮ್ಮಿಗೆ ಹೇಳಿದರು. ನನಗೆ ಒಳಗೊಳಗೇ ಖುಷಿ. ಸಿಎ ಫೌಂಡೇಶನ್ ಪುಸ್ತಕಗಳಿಗೆ ಅಬ್ಬಾನ ಹತ್ತಿರ ಕೈ ಚಾಚುವುದು ತಪ್ಪುತ್ತದೆ ಎಂದುಕೊಂಡೆ. ಒಳಗಿನಿಂದ ಬಂದ ಆಪಾ ಮಾತ್ರ, “ಯೋಚನೆ ಮಾಡಿ ಹೇಳ್ತೀವಿ ಸರ್” ಎಂದು ಚಹಾ ಕೊಟ್ಟು ಕಳಿಸಿಬಿಟ್ಟಳು. ನನಗೆ ಕೋಪ ಬಂತು. ಆ ರಾತ್ರಿ ಅವಳು ತನ್ನ ಫೈಲ್ ತೆಗೆದು ಒಂದು ಡಿಕ್ಲರೇಷನ್‌ನ ಜೆರಾಕ್ಸ್ ತೋರಿಸಿದಳು. ಈ ಲೇಖನ ಹುಟ್ಟಿದ್ದು ಆ ಕಾಗದದಿಂದ. ಹೆಸರು ಹಾಕಬಾರದು ಎಂಬ ಷರತ್ತಿನ ಮೇಲೆ ಬರೆಯಲು ಒಪ್ಪಿದ್ದಾಳೆ.

ಆಪಾ ಗೇಟ್ ಪರೀಕ್ಷೆ ಪಾಸಾಗಿ ಎಂ.ಟೆಕ್ ಸೇರಿದವಳು. ಎಐಸಿಟಿಇ ಅಂದರೆ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು. ಅದು ಮಾನ್ಯ ಮಾಡಿದ ಕಾಲೇಜುಗಳಲ್ಲಿ ಗೇಟ್ ಪಾಸಾಗಿ, ಪೂರ್ಣಾವಧಿಯಾಗಿ ಎಂ.ಟೆಕ್ ಓದುವವರಿಗೆ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನ ಸಿಗುತ್ತದೆ. ಹೆಚ್ಚೆಂದರೆ 24 ತಿಂಗಳು. ಇದು ಸುಮ್ಮನೆ ಕೊಡುವ ಹಣವಲ್ಲ. ಪಡೆಯುವವರು ವಾರಕ್ಕೆ 8ರಿಂದ 10 ಗಂಟೆ ಕಾಲೇಜು ಹೇಳಿದ ಬೋಧನೆ ಅಥವಾ ಸಂಶೋಧನೆಯ ಕೆಲಸ ಮಾಡಬೇಕು. ಆಪಾ ಬಿ.ಇ. ಮಕ್ಕಳ ಲ್ಯಾಬ್‌ನಲ್ಲಿ ನಿಂತು ಸಹಾಯ ಮಾಡುತ್ತಿದ್ದಳು, ರೆಕಾರ್ಡ್ ತಿದ್ದುತ್ತಿದ್ದಳು. ಮನೆಗೆ ತಂದ ರೆಕಾರ್ಡ್ ಪುಸ್ತಕಗಳ ಮೇಲೆ ನಾನು ಒಮ್ಮೆ ಚಹಾ ಚೆಲ್ಲಿದ್ದೂ ಉಂಟು.

ಅವಳ ಎರಡನೇ ಸೆಮಿಸ್ಟರ್‌ನಲ್ಲಿ ಪೀಣ್ಯದಲ್ಲಿ ಅಬ್ಬಾ ಕೆಲಸ ಮಾಡುವ ಮಷಿನ್ ಶಾಪ್‌ಗೆ ಜಾಬ್ ವರ್ಕ್ ಆರ್ಡರ್ ಕಡಿಮೆಯಾಯಿತು. ಓಟಿ ನಿಂತಿತು. ಪೀಣ್ಯದ ಮನೆಗಳವರಿಗೆ ಓಟಿ ನಿಲ್ಲುವುದು ಎಂದರೇನು ಎಂದು ಬಿಡಿಸಿ ಹೇಳಬೇಕಿಲ್ಲ. ಆಗ ಆಪಾ ಒಂದು ಕೋಚಿಂಗ್ ಸೆಂಟರ್‌ನಲ್ಲಿ ಶನಿವಾರ, ಭಾನುವಾರ ಪಾಠ ಮಾಡಲು ಒಪ್ಪಿದಳು. ತಿಂಗಳಿಗೆ 6,000 ರೂಪಾಯಿ. ಎರಡು ತಿಂಗಳು ಹೋದ ಮೇಲೆ ಸಹಪಾಠಿಯೊಬ್ಬಳು ಕೇಳಿದಳಂತೆ, “ನಾವು ಬೇರೆ ಕಡೆ ಸಂಬಳ ತಗೋಬಾರ್ದು ಅಂತ ಸೈನ್ ಹಾಕಿಲ್ವಾ?” ಆಪಾ ಮನೆಗೆ ಬಂದು ಫೈಲ್ ನೋಡಿದಳು. ನಿಜ. ಕೋರ್ಸ್ ಮುಗಿಯುವ ತನಕ ಬೇರೆ ಯಾವ ಮೂಲದಿಂದಲೂ ಸಂಬಳ, ಸ್ಟೈಪೆಂಡ್, ಭತ್ಯೆ ಪಡೆಯುವಂತಿಲ್ಲ ಎಂದಿತ್ತು. ಕೆಳಗೆ ಅವಳದೇ ಸಹಿ.

ಮರುದಿನ ಅವಳೇ ಹೋಗಿ ವಿಭಾಗದವರಿಗೆ ಹೇಳಿದಳು. ಅವರು ಬೈಯಲಿಲ್ಲ. ಆದರೆ ಆ ಎರಡು ತಿಂಗಳ ವಿದ್ಯಾರ್ಥಿವೇತನ ಬಿಟ್ಟುಕೊಡಬೇಕಾಯಿತು. ನಾನು ಕಾಮರ್ಸ್ ವಿದ್ಯಾರ್ಥಿನಿಯಲ್ಲವೇ, ಲೆಕ್ಕ ಬರೆದು ನೋಡಿದೆ. ಹೊರಗಿನಿಂದ ಬಂದದ್ದು 12,000. ಕೈಬಿಟ್ಟದ್ದು 24,800. ನಿವ್ವಳ ನಷ್ಟ 12,800. ಎರಡು ತಿಂಗಳ ಶನಿವಾರ, ಭಾನುವಾರಗಳನ್ನು ಯಾವ ಖಾತೆಗೆ ಹಾಕುವುದೋ ನನಗೆ ಗೊತ್ತಾಗಲಿಲ್ಲ.

ಇದಾದ ಮೇಲೆ ನನಗೆ ಕುತೂಹಲ ಹುಟ್ಟಿತು. ಓದುವವರನ್ನೇ ಕಲಿಸುವ ಕೆಲಸಕ್ಕೆ ಇಟ್ಟುಕೊಳ್ಳುವಾಗ ನಿಯಮ ಏನು ಕೇಳುತ್ತದೆ? ನಾನು ಅಂಕ ಕೇಳುತ್ತದೆ ಎಂದುಕೊಂಡಿದ್ದೆ. ಅಂಕ ಬೇಕು, ನಿಜ. ಆದರೆ ನಿಯಮಗಳನ್ನು ಓದುತ್ತಾ ಹೋದಂತೆ ಅವು ತಿರುಗಾ ಮುರುಗಾ ಒಂದೇ ಪ್ರಶ್ನೆ ಕೇಳುತ್ತವೆ ಎನಿಸಿತು: ನೀನು ಮೊದಲು ವಿದ್ಯಾರ್ಥಿಯೋ, ಮೊದಲು ನೌಕರಳೋ? ದಾಖಲಾತಿ ಇದೆಯೇ, ವಾರಕ್ಕೆ ಎಷ್ಟು ಗಂಟೆ, ಬೇರೆ ಯಾರಾದರೂ ಹಣ ಕೊಡುತ್ತಿದ್ದಾರೆಯೇ ಎಂಬ ಷರತ್ತುಗಳೆಲ್ಲ ಆ ಒಂದು ಪ್ರಶ್ನೆಯ ಮಕ್ಕಳೇ.

ಪಿಎಚ್.ಡಿ.ಯವರನ್ನು ತೆಗೆದುಕೊಳ್ಳಿ. ಯುಜಿಸಿ 2022ರ ನವೆಂಬರ್‌ನಲ್ಲಿ ಪಿಎಚ್.ಡಿ.ಗೆ ಹೊಸ ನಿಯಮಾವಳಿ ಹೊರಡಿಸಿತು. ಯಾವ ವಿಷಯದಲ್ಲಿ ಸಂಶೋಧನೆ ಮಾಡುವವರೇ ಆಗಲಿ, ಕಲಿಸುವುದರಲ್ಲಿ ತರಬೇತಿ ಪಡೆಯಬೇಕು ಎಂದು ಅದು ಹೇಳುತ್ತದೆ. ಅವರಿಗೆ ವಾರಕ್ಕೆ 4ರಿಂದ 6 ಗಂಟೆ ಸಹಾಯಕ ಕೆಲಸವನ್ನೂ ಕೊಡಬಹುದು. ಯಾವ ಕೆಲಸ ಎಂಬುದೂ ಅದರಲ್ಲೇ ಇದೆ: ಟ್ಯುಟೋರಿಯಲ್, ಲ್ಯಾಬ್, ಮೌಲ್ಯಮಾಪನ. ಲೆಕ್ಚರ್ ಎಂಬ ಪದ ಆ ಸಾಲಿನಲ್ಲಿಲ್ಲ. ನನಗೆ ಇದು ಮುಖ್ಯ ಎನಿಸಿತು. ಪಾಠದ ಹೊಣೆ ಅಧ್ಯಾಪಕರದ್ದು, ಪಾಠ ಆದ ಮೇಲೆ ‘ನನಗೆ ಅರ್ಥವಾಗಲಿಲ್ಲ’ ಎನ್ನುವ ಮಗುವಿನ ಪಕ್ಕ ಕೂರುವುದು ಸಹಾಯಕರ ಕೆಲಸ. ಗಂಟೆಗೆ ಮಿತಿ ಇಲ್ಲದಿದ್ದರೆ ಏನಾಗುತ್ತದೆ ಎಂದು ಊಹಿಸುವುದು ಕಷ್ಟವಲ್ಲ. ಕಾಲೇಜಿಗೆ ಕಡಿಮೆ ಖರ್ಚಿನಲ್ಲಿ ಮೇಷ್ಟ್ರು ಸಿಗುತ್ತಾರೆ, ಸಂಶೋಧನೆ ಮಾಡಬೇಕಾದವರ ಸಂಶೋಧನೆ ನಿಲ್ಲುತ್ತದೆ.

ನಮ್ಮಲ್ಲಿ ಹಲವರು ಒಂದು ಕಡೆ ಗೊಂದಲ ಮಾಡಿಕೊಳ್ಳುತ್ತಾರೆ. ಅಸಿಸ್ಟೆಂಟ್ ಪ್ರೊಫೆಸರ್ ಎಂದರೆ ಪ್ರೊಫೆಸರ್‌ಗೆ ಅಸಿಸ್ಟೆಂಟ್ ಅಲ್ಲ. ಅದು ಪೂರ್ಣ ಹುದ್ದೆ. ಅದಕ್ಕೆ ಸಾಮಾನ್ಯವಾಗಿ ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಅಂಕ, ಜೊತೆಗೆ ನೆಟ್ ಅಥವಾ ನಮ್ಮ ರಾಜ್ಯದ ಕೆ-ಸೆಟ್, ಇಲ್ಲವೇ ಪಿಎಚ್.ಡಿ. ಬೇಕು. ಟೀಚಿಂಗ್ ಅಸಿಸ್ಟೆಂಟ್ ಎಂಬುದು ಹುದ್ದೆಯೇ ಅಲ್ಲ, ಓದಿನ ಒಂದು ಭಾಗ. ಓದು ಮುಗಿದ ದಿನ ಅದೂ ಮುಗಿಯುತ್ತದೆ. ಮದುವೆ ಮನೆಯಲ್ಲಿ ಯಾರೋ ಆಪಾಳನ್ನು “ಲೆಕ್ಚರರ್ ಆಗಿದ್ದಾಳಂತೆ” ಎಂದು ಪರಿಚಯಿಸಿದಾಗ ಅವಳು ತಿದ್ದಲು ಹೋಗಿ ಸೋತಳು.

ಪೀಣ್ಯದಿಂದ ಮೆಟ್ರೋ ಹತ್ತಿದರೆ ಯಶವಂತಪುರಕ್ಕೆ ಹೆಚ್ಚು ಹೊತ್ತಿಲ್ಲ. ಅಲ್ಲಿಂದ ಹತ್ತಿರದಲ್ಲೇ ಭಾರತೀಯ ವಿಜ್ಞಾನ ಸಂಸ್ಥೆ, ನಮ್ಮ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್. ಅಲ್ಲಿ ಪಿಎಚ್.ಡಿ. ಮಾಡುವ ಕೆಲವರಿಗೆ ಪ್ರಧಾನಮಂತ್ರಿ ಸಂಶೋಧನಾ ಫೆಲೋಶಿಪ್ ಇದೆ. 2018ರಲ್ಲಿ ಶುರುವಾದ ಇದರಲ್ಲಿ ಮೊದಲ ಎರಡು ವರ್ಷ ತಿಂಗಳಿಗೆ 70,000 ರೂಪಾಯಿ. ಈ ಫೆಲೋಗಳು ವಾರಕ್ಕೊಮ್ಮೆ ಹತ್ತಿರದ ಐಟಿಐ, ಪಾಲಿಟೆಕ್ನಿಕ್ ಅಥವಾ ಎಂಜಿನಿಯರಿಂಗ್ ಕಾಲೇಜಿಗೆ ಹೋಗಿ ಕಲಿಸಬೇಕು ಎಂಬ ಷರತ್ತಿದೆ. ದೇಶದ ದೊಡ್ಡ ಸಂಸ್ಥೆಯ ಸಂಶೋಧಕರು ಐಟಿಐ ಮಕ್ಕಳ ಮುಂದೆ ನಿಲ್ಲುವುದು ನನಗೆ ಒಳ್ಳೆಯ ನಿಯಮ ಎನಿಸಿತು. ಪಿಯು ಕಾಲೇಜುಗಳನ್ನೂ ಸೇರಿಸಬಹುದಿತ್ತು.

ಈಗ ಹಣದ ಮಾತು. ‘ಬೇರೆ ಮೂಲದಿಂದ ಪಡೆಯಬಾರದು’ ಎಂಬ ನಿಯಮ ಆಪಾಗೆ ಮಾತ್ರ ಇರುವುದಲ್ಲ. ಒಬ್ಬರಿಗೇ ಎರಡು ಸರ್ಕಾರಿ ಹಣ ಹೋಗಬಾರದು, ಪೂರ್ಣಾವಧಿ ಎಂದು ಬರೆದುಕೊಟ್ಟವರು ಪೂರ್ಣಾವಧಿ ಓದಬೇಕು ಎಂಬುದು ಅದರ ಹಿಂದಿನ ತರ್ಕ. ಆದರೆ ಇದೇ ತರ್ಕ ಬೇರೆ ರೀತಿಯಲ್ಲಿಯೂ ಕೆಲಸ ಮಾಡುತ್ತದೆ. ಅಲ್ಪಸಂಖ್ಯಾತ ಸಮುದಾಯದ ಸಂಶೋಧಕರಿಗಾಗಿ 2009ರಿಂದ ಇದ್ದ ಮೌಲಾನಾ ಆಜಾದ್ ರಾಷ್ಟ್ರೀಯ ಫೆಲೋಶಿಪ್ಪನ್ನು 2022–23ರಿಂದ ನಿಲ್ಲಿಸಲಾಗಿದೆ ಎಂದು ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ಲೋಕಸಭೆಗೆ ತಿಳಿಸಿತು. ಕೊಟ್ಟ ಕಾರಣ, ಅದು ಬೇರೆ ಫೆಲೋಶಿಪ್‌ಗಳ ಜೊತೆ ಅತಿಕ್ರಮಿಸುತ್ತದೆ ಎಂದು. ಒಬ್ಬರು ಎರಡು ಪಡೆಯುವುದನ್ನು ತಡೆಯಲು ಒಂದು ಡಿಕ್ಲರೇಷನ್ ಸಾಕು, ಯೋಜನೆಯನ್ನೇ ಯಾಕೆ ಮುಚ್ಚಬೇಕು ಎಂಬುದು ನನ್ನ ಪ್ರಶ್ನೆ. ನಮ್ಮ ಕಾಲೇಜಿನಿಂದ ಹೋಗಿ ಮುಂದೆ ಪಿಎಚ್.ಡಿ. ಕನಸು ಕಾಣುವವರು ಈಗ ನೆಟ್ ಬರೆದು ಜೆಆರ್‌ಎಫ್ ಪಡೆಯುವುದನ್ನೇ ಮೊದಲ ದಾರಿ ಎಂದು ಇಟ್ಟುಕೊಳ್ಳಬೇಕು.

ಆ ಜೆಆರ್‌ಎಫ್ 2019ರಲ್ಲಿ 31,000 ಆಯಿತು, 2023ರ ಜನವರಿಯಿಂದ 37,000 ಆಯಿತು. ಆ ನಡುವೆ ಎಂ.ಟೆಕ್‌ನವರ 12,400 ಮಾತ್ರ ನಿಂತಲ್ಲೇ ನಿಂತಿತ್ತು. ತಿಂಗಳಿಗೆ 37,000 ಪಡೆಯುವವರಿಗೆ ‘ಹೊರಗೆ ದುಡಿಯಬೇಡ’ ಎನ್ನುವುದು ಬೇರೆ. ಎಲೆಕ್ಟ್ರಾನಿಕ್ ಸಿಟಿ ಅಥವಾ ವೈಟ್‌ಫೀಲ್ಡ್ ಕಡೆ ಪಿಜಿಯಲ್ಲಿ ಇರುವ ಹುಡುಗಿಗೆ 12,400 ಕೊಟ್ಟು ಅದೇ ಮಾತು ಹೇಳುವುದು ಬೇರೆ. ನಿಯಮ ತಪ್ಪಲ್ಲ. ಮೊತ್ತ ತಪ್ಪು.

ಹೊರದೇಶದಲ್ಲಿ ನಿಯಮದ ಆಕಾರ ಸ್ವಲ್ಪ ಬೇರೆ. ಅಮೆರಿಕದಲ್ಲಿ ವಿದ್ಯಾರ್ಥಿ ವೀಸಾದವರು ತರಗತಿ ನಡೆಯುವ ದಿನಗಳಲ್ಲಿ ಕ್ಯಾಂಪಸ್ ಒಳಗೆ ವಾರಕ್ಕೆ 20 ಗಂಟೆ ಮೀರಿ ಕೆಲಸ ಮಾಡುವಂತಿಲ್ಲ. ಜರ್ಮನಿಯಲ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಸಹಾಯಕರನ್ನು ‘ಹಿವಿ’ ಎಂದು ಕರೆಯುತ್ತಾರೆ. ಅಲ್ಲಿ ಹೊರದೇಶದ ವಿದ್ಯಾರ್ಥಿಗೆ ವರ್ಷಕ್ಕೆ 140 ಪೂರ್ಣ ದಿನ ದುಡಿಯಲು ಅವಕಾಶವಿದೆ, ವಿಶ್ವವಿದ್ಯಾಲಯದ ಒಳಗಿನ ಸಹಾಯಕ ಕೆಲಸ ಆ 140ರ ಲೆಕ್ಕಕ್ಕೆ ಬರುವುದಿಲ್ಲ. ಹೋಟೆಲಿನಲ್ಲಿ ತಟ್ಟೆ ತೊಳೆಯುವುದನ್ನೂ ಲ್ಯಾಬ್‌ನಲ್ಲಿ ಕಲಿಸುವುದನ್ನೂ ಅವರು ಒಂದೇ ತಕ್ಕಡಿಯಲ್ಲಿ ಇಟ್ಟಿಲ್ಲ. ಎಂ.ಎಸ್.ಗೆ ಹೋಗಬೇಕು ಎನ್ನುವ ಸೈನ್ಸ್ ಗೆಳತಿಯರು ಇದನ್ನು ಗುರುತು ಹಾಕಿಕೊಳ್ಳಿ.

ನಮ್ಮ ಕಾಮರ್ಸ್‌ನವರಿಗೆ ಹತ್ತಿರದ ‘ಅಸಿಸ್ಟೆಂಟ್’ ಎಂದರೆ ಸಿಎ ಆರ್ಟಿಕಲ್ ಅಸಿಸ್ಟೆಂಟ್. ಅದು ಕಲಿಸುವ ಕೆಲಸವಲ್ಲ, ಆದರೂ ಅದೇ ಜಾತಿಯ ನಿಯಮ. 2023ರ ಜುಲೈ 1ರಿಂದ ಬಂದ ಹೊಸ ವ್ಯವಸ್ಥೆಯಲ್ಲಿ ಇಂಟರ್‌ಮೀಡಿಯೆಟ್‌ನ ಎರಡೂ ಗ್ರೂಪ್ ಪಾಸಾದ ಮೇಲೆಯೇ ಆರ್ಟಿಕಲ್‌ಶಿಪ್, ಅವಧಿ ಎರಡು ವರ್ಷ. ಜೊತೆಗೆ ಬಿ.ಕಾಂ. ಓದುವುದಿದ್ದರೆ ಐಸಿಎಐ ಅನುಮತಿ ಬೇಕು. ಇಲ್ಲಿಯೂ ಕೈಗೆ ಬರುವ ಹಣದ ಹೆಸರು ಸ್ಟೈಪೆಂಡ್, ಸಂಬಳವಲ್ಲ.

ಇನ್ನು ನನ್ನ ಮೂರು ಸಾವಿರದ ಕಥೆ. ಮೇಲಿನ ಯಾವ ನಿಯಮವೂ ನನಗೆ ಅನ್ವಯಿಸುವುದಿಲ್ಲ. ಹದಿನೇಳು ವರ್ಷದವಳಿಗೆ ಬೇರೆ ಕಾನೂನುಗಳಿವೆ. 1872ರ ಒಪ್ಪಂದ ಕಾಯ್ದೆಯ ಪ್ರಕಾರ 18 ತುಂಬದವರು ಒಪ್ಪಂದ ಮಾಡಿಕೊಳ್ಳಲು ಅರ್ಹರಲ್ಲ. ಅಂದರೆ ಸರ್ ಒಂದು ಕಾಗದ ತಂದು ನನ್ನ ಸಹಿ ಹಾಕಿಸಿಕೊಂಡರೂ ಅದಕ್ಕೆ ಬೆಲೆಯಿಲ್ಲ. ಇನ್ನು, 2016ರಲ್ಲಿ ತಿದ್ದುಪಡಿಯಾದ ಬಾಲ ಮತ್ತು ಕಿಶೋರ ಕಾರ್ಮಿಕ ಕಾಯ್ದೆ 14ರಿಂದ 18ರೊಳಗಿನವರನ್ನು ಕಿಶೋರರು ಎನ್ನುತ್ತದೆ. ಅಪಾಯಕಾರಿ ಕೆಲಸಕ್ಕೆ ಅವರನ್ನು ಹಚ್ಚುವಂತಿಲ್ಲ. ಅಂಗಡಿ, ವಾಣಿಜ್ಯ ಸಂಸ್ಥೆಗಳಲ್ಲಿ ಸಂಜೆ 7ರಿಂದ ಬೆಳಿಗ್ಗೆ 8ರ ನಡುವೆ ಅವರಿಂದ ಕೆಲಸ ಮಾಡಿಸುವಂತಿಲ್ಲ. ವಾರಕ್ಕೊಂದು ರಜೆ ಕೊಡಬೇಕು. ಟ್ಯೂಷನ್ ಮನೆ ವಾಣಿಜ್ಯ ಸಂಸ್ಥೆಯೇ ಎಂದು ವಾದ ಮಾಡಬಹುದು. ಆದರೆ ಸಂಜೆ 7ರ ನಂತರ ಹೊರಗಿರಬಾರದು ಎಂಬ ಅಮ್ಮಿಯ ಕಾಯ್ದೆಗೆ ಇಂಥ ವಿನಾಯಿತಿ ಯಾವುದೂ ಇಲ್ಲ.

ಮೂರನೆಯದು ಆಪಾ ಹುಡುಕಿ ಕೊಟ್ಟದ್ದು. ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಕೋಚಿಂಗ್ ಸೆಂಟರ್‌ಗಳಿಗೆ ಮಾರ್ಗಸೂಚಿ ಕೊಟ್ಟಿತು. 50ಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸೆಂಟರ್‌ನಲ್ಲಿ ಪದವಿಗಿಂತ ಕಡಿಮೆ ಓದಿದವರನ್ನು ಬೋಧಕರಾಗಿ ಇಟ್ಟುಕೊಳ್ಳಬಾರದು, 16 ವರ್ಷದೊಳಗಿನವರನ್ನು ಸೇರಿಸಿಕೊಳ್ಳಲೂಬಾರದು ಎಂದು ಅದರಲ್ಲಿದೆ. ಇದು ರಾಜ್ಯಗಳಿಗೆ ಕೊಟ್ಟ ಸೂಚನೆ, ತಾನಾಗಿಯೇ ಕಾನೂನಲ್ಲ. ನಮ್ಮ ಬೀದಿಯ ಸೆಂಟರ್‌ನಲ್ಲಿ ಮಕ್ಕಳು ನಲವತ್ತರ ಒಳಗೇ ಇದ್ದಾರೆ, ಆದ್ದರಿಂದ ಅದು ಇದರೊಳಗೆ ಬರುವುದೂ ಇಲ್ಲ. ಆದರೂ ಓದಿದಾಗ ನನಗೆ ಸ್ವಲ್ಪ ನಾಚಿಕೆಯಾಯಿತು. ಒಂಬತ್ತನೇ ಕ್ಲಾಸಿನ ಮಗುವಿನ ಅಪ್ಪ ಫೀಸು ಕಟ್ಟುವುದು ಮೇಷ್ಟ್ರು ಕಲಿಸುತ್ತಾರೆ ಎಂದು ನಂಬಿ, ನಾನು ಕಲಿಸುತ್ತೇನೆ ಎಂದಲ್ಲ.

ನಾನು ಸರ್ ಹತ್ತಿರ ಹೋಗಿ ಹೇಳಿದೆ: “ಸರ್, ಭಾನುವಾರ ಬೆಳಿಗ್ಗೆ ಒಂಬತ್ತರಿಂದ ಹನ್ನೊಂದು ಬರ್ತೀನಿ. ಪೇಪರ್ ತಿದ್ತೀನಿ, ಡೌಟ್ ಹೇಳಿಕೊಡ್ತೀನಿ. ಪಾಠ ಮಾಡಲ್ಲ. ಪರೀಕ್ಷೆ ತಿಂಗಳಲ್ಲಿ ಬರಲ್ಲ.” ಅವರು ನಕ್ಕು, “ನೀನೇ ನನಗೆ ರೂಲ್ಸ್ ಹೇಳ್ತಿದ್ದೀಯಲ್ಲಮ್ಮ” ಎಂದರು. ಒಪ್ಪಿದರು. ಈಗ ತಿಂಗಳಿಗೆ 800 ರೂಪಾಯಿ. ಮೂರು ಸಾವಿರಕ್ಕೂ ಅದಕ್ಕೂ ನಡುವಿನ ವ್ಯತ್ಯಾಸ ದೊಡ್ಡದೇ. ಫೌಂಡೇಶನ್ ಪುಸ್ತಕಗಳಲ್ಲಿ ಎರಡನ್ನು ಸೆಕೆಂಡ್ ಹ್ಯಾಂಡ್ ಕೊಂಡಿದ್ದೇನೆ. ಉಳಿದ ಎರಡು ಯಾರ ಬಳಿಯಾದರೂ ಇದ್ದರೆ ದ್ವಿತೀಯ ಪಿಯು ಕಾಮರ್ಸ್ ‘ಬಿ’ ವಿಭಾಗದಲ್ಲಿ ಕೇಳಿ, ನಾನು ಸಿಗುತ್ತೇನೆ.