ಡಿಪೊ ಪಿಟ್ಟಿನ ಕೆಳಗಿಂದ

ರಾತ್ರಿ ಹತ್ತರ ಹೊತ್ತಿಗೆ ಕೆಎಸ್‌ಆರ್‌ಟಿಸಿ ಡಿಪೊದ ಗೇಟು ದಾಟಿದರೆ ಮೊದಲು ಮೂಗಿಗೆ ಬಡಿಯುವುದು ಡೀಸೆಲ್ ವಾಸನೆ. ದಿನವೆಲ್ಲ ಓಡಿ ಬಂದ ಕೆಂಪು ಬಸ್ಸುಗಳು ಬಂಕಿನಲ್ಲಿ ಡೀಸೆಲ್ ಹಾಕಿಸಿಕೊಂಡು, ಮೈ ತೊಳೆಸಿಕೊಂಡು, ಒಂದೊಂದಾಗಿ ಪಿಟ್ಟಿನ ಮೇಲೆ ಬಂದು ನಿಲ್ಲುತ್ತವೆ. ಡ್ರೈವರು ಬರೆದಿಟ್ಟ ದೂರು ಓದಿಕೊಂಡು ಮೆಕ್ಯಾನಿಕ್ ಕೆಳಗಿಳಿಯುತ್ತಾರೆ. ನಾನೂ ಇಳಿದೆ.

ಒಂದೊಂದು ಬಸ್ಸಿಗೆ ಒಂದೊಂದು ಊರಿನ ಬೋರ್ಡು. ಕೆಳಗಿಂದ ನೋಡಿದರೆ ಎಲ್ಲ ಒಂದೇ ಅಚ್ಚು. ಹಿರಿಯ ಮೆಕ್ಯಾನಿಕ್ ಟಾರ್ಚು ಕೂಡ ಹಾಕದೆ ಬ್ರೇಕಿನ ನಟ್ಟಿಗೆ ಸ್ಪ್ಯಾನರ್ ಕೂರಿಸಿದರು. “ಲೇಲ್ಯಾಂಡ್ ಆದ್ರೆ ಕಣ್ಮುಚ್ಚಿ ಕೈ ಹಾಕ್ತೀನಿ ಸಾರ್. ಬೇರೆ ಗಾಡಿ ಬಂದ್ರೆ ಮೊದ್ಲು ನಟ್ಟು ಎಲ್ಲಿದೆ ಅಂತ ಹುಡುಕ್ಬೇಕು.”

ಪಕ್ಕದ ಸ್ಟೋರಿಗೆ ಹೋದರೆ ದುಡ್ಡಿನ ಲೆಕ್ಕ ತಿಳಿಯುತ್ತದೆ. ಕಂಪನಿ ಬದಲಾದರೆ ಕ್ಲಚ್ ಪ್ಲೇಟು, ಫಿಲ್ಟರು, ಫ್ಯಾನ್ ಬೆಲ್ಟು ಎಲ್ಲವೂ ಬೇರೆ. ಹತ್ತು ಬಸ್ಸೂ ಒಂದೇ ಬಗೆಯವಾದರೆ ಎರಡು ಬೆಲ್ಟು ಇಟ್ಟುಕೊಂಡರೂ ನಡೆದೀತು. ಐದು ಬಗೆಯವಾದರೆ ಬಗೆಗೊಂದರಂತೆ ಐದು ಬೇಕು; ಇಷ್ಟಾದರೂ ಒಂದೇ ಬಗೆಯ ಎರಡು ಬಸ್ಸು ಅದೇ ದಿನ ಬೆಲ್ಟು ಹರಿದುಕೊಂಡವೋ, ಒಂದು ನಿಂತ ಹಾಗೆಯೇ. ಉಳಿದ ನಾಲ್ಕು ಬೆಲ್ಟು ಮೊಳೆಯಲ್ಲಿ ನೇತಾಡುತ್ತಿರುತ್ತವೆ.

ಕಂಪನಿ ಒಂದಾದರೆ ಸಾಕು ಎನ್ನುವುದು ಮೇಜಿನ ಮುಂದೆ ಕೂತವರ ಲೆಕ್ಕ. 2020ರ ಏಪ್ರಿಲ್‌ನಲ್ಲಿ ಬಿಎಸ್6 ಎಂಬ ಹೊಗೆ ನಿಯಮ ಬಂತು. ಅಲ್ಲಿಂದೀಚೆಗಿನ ಡೀಸೆಲ್ ಬಸ್ಸುಗಳಿಗೆ ಯೂರಿಯಾ ದ್ರಾವಣವನ್ನೂ ತುಂಬಬೇಕು. ಸೆನ್ಸರ್ ಮುನಿಸಿಕೊಂಡರೆ ಕಿವಿಗೊಟ್ಟು ಕೇಳಿ ಪ್ರಯೋಜನವಿಲ್ಲ, ಲ್ಯಾಪ್‌ಟಾಪ್ ಹಚ್ಚಿಯೇ ನೋಡಬೇಕು. ಹಳೆಯವು ಗುಜರಿ ಸೇರುವ ತನಕ ಡಿಪೊದಲ್ಲಿ ಎರಡು ಸಂಸಾರ.

ಹಾಗೆಂದು ಒಬ್ಬರನ್ನೇ ನೆಚ್ಚಿ ಕೂರುವಂತೆಯೂ ಇಲ್ಲ. ಸ್ಕ್ಯಾನಿಯಾ ಕಂಪನಿ 2015ರಲ್ಲಿ ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಬಸ್ ಕಾರ್ಖಾನೆ ತೆರೆಯಿತು, 2018ರಲ್ಲಿ ಮುಚ್ಚಿತು. ಕೊಂಡ ಬಸ್ಸುಗಳೇನೋ ರಸ್ತೆಯಲ್ಲೇ ಇದ್ದವು. ನಿಗಮಕ್ಕೆ ಎರಡು-ಮೂರು ಕಂಪನಿ ಇರಲಿ, ಒಂದು ಡಿಪೊಗೆ ಆದಷ್ಟೂ ಒಂದೇ ಬಗೆ ಇರಲಿ: ಪಿಟ್ಟಿನಿಂದ ಮೇಲೆ ಬರುವಾಗ ನನಗೆ ಅನ್ನಿಸಿದ್ದು ಇಷ್ಟು. ಟೆಂಡರ್ ಕರೆಯುವವರು ಒಂದು ರಾತ್ರಿ ಇಲ್ಲಿ ಇಳಿದು ನೋಡಿದರೆ ಒಳ್ಳೆಯದು. ಅಂಗಿಗೆ ಗ್ರೀಸ್ ಹತ್ತುತ್ತದೆ, ಅಷ್ಟೇ.

ಹೊರಡುವಾಗ ಮೂಲೆಯಲ್ಲಿ ಆಫ್ ರೋಡ್ ಆಗಿ ನಿಂತಿದ್ದ ಬಸ್ಸಿನಿಂದ ಇಬ್ಬರು ಸೆಲ್ಫ್ ಮೋಟರು ಬಿಚ್ಚುತ್ತಿದ್ದರು. ಬೆಳಗಿನ 5.30ರ ಬಸ್ಸಿಗಂತೆ. ಎರಡೂ ಒಂದೇ ಮಾಡೆಲ್.